ಏರ್ ಇಂಡಿಯಾನಾ, ಇಂಡಿಗೊನಾ? ಟಿಕೆಟ್ ತೆಗೆಯುವ ಮುಂಚೆ ನಾನು ನೋಡುವುದು

ನಮ್ಮ ಮನೆಯಲ್ಲಿ ಯಾರು ವಿಮಾನ ಹತ್ತಬೇಕಾದರೂ ಟಿಕೆಟ್ ಹುಡುಕುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಅಣ್ಣನ ಆಫೀಸು ಕೆಲಸ, ಚಿಕ್ಕಮ್ಮನ ಕಾಶಿ ಯಾತ್ರೆ, ಅಕ್ಕನ ಮಗಳು ಓದಲು ಅಮೆರಿಕಕ್ಕೆ ಹೊರಟದ್ದು, ಎಲ್ಲದಕ್ಕೂ ಫೋನು ನನಗೇ. ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಏರ್ ಇಂಡಿಯಾ ತಗೊಳ್ಳೋಣವಾ, ಇಂಡಿಗೊ ತಗೊಳ್ಳೋಣವಾ?"

ಬೇರೆ ಕಂಪನಿಗಳೂ ಇವೆ. ಆದರೆ ದೇಶದೊಳಗೆ ಹಾರುವವರಲ್ಲಿ ಹತ್ತಕ್ಕೆ ಆರು ಜನ ಇಂಡಿಗೊದಲ್ಲೇ ಹೋಗುತ್ತಾರೆ. ಇನ್ನು ಕಾಲು ಭಾಗದಷ್ಟು ಜನ ಏರ್ ಇಂಡಿಯಾ ಗುಂಪಿನ ವಿಮಾನಗಳಲ್ಲಿ. ಹಾಗಾಗಿ ಆಯ್ಕೆ ಬಹಳ ಸಲ ಈ ಎರಡರ ನಡುವೆಯೇ ಬಂದು ನಿಲ್ಲುತ್ತದೆ.

ಮೊದಲು ನಾನೂ ದರ ಮಾತ್ರ ನೋಡುತ್ತಿದ್ದೆ. ಯಾವುದು ಇನ್ನೂರು ರೂಪಾಯಿ ಕಡಿಮೆಯೋ ಅದು. ಈಗ ಹಾಗೆ ಮಾಡುವುದಿಲ್ಲ. ಎಲ್ಲವೂ ಸರಿಯಾಗಿ ನಡೆದ ದಿನ ಎರಡೂ ಕಂಪನಿಗಳು ನಿಮ್ಮನ್ನು ಊರು ಮುಟ್ಟಿಸುತ್ತವೆ. ವ್ಯತ್ಯಾಸ ಗೊತ್ತಾಗುವುದು ಕೆಟ್ಟ ದಿನ. ಮಂಜು ಕವಿದಾಗ, ಎಂಜಿನ್ ಕೈಕೊಟ್ಟಾಗ, ಪೈಲಟ್ ಸಿಗದಿದ್ದಾಗ. ಆ ದಿನ ಯಾವ ಕಂಪನಿ ಏನು ಮಾಡಬಲ್ಲದು ಅನ್ನುವುದು ಅದು ಬೆಳೆದು ಬಂದ ರೀತಿಯಲ್ಲೇ ಇದೆ. ಅದಕ್ಕೇ ಸ್ವಲ್ಪ ಹಳೆಯ ಕಥೆಯಿಂದ ಶುರು ಮಾಡುತ್ತೇನೆ.

ಬಳ್ಳಾರಿಯಲ್ಲಿ ಇಳಿದಿದ್ದ ಟಪಾಲು ವಿಮಾನ

1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಹೊರಟರು. ಅಹಮದಾಬಾದ್ ಮೇಲಾಗಿ ಬೊಂಬಾಯಿಯ ಜುಹುವಿನಲ್ಲಿ ಇಳಿದರು. ಒಳಗಿದ್ದದ್ದು ಟಪಾಲು ಚೀಲ. ಅಲ್ಲಿಂದ ಮುಂದೆ ಮದರಾಸಿಗೆ ವಿಮಾನ ಒಯ್ದವರು ಅವರ ಜೊತೆಗಾರ ನೆವಿಲ್ ವಿಂಟ್ಸೆಂಟ್. ಆ ದಾರಿಯಲ್ಲಿ ನಡುವೆ ಇಳಿಯುವ ಊರು ನಮ್ಮ ಬಳ್ಳಾರಿ. ಏರ್ ಇಂಡಿಯಾದ ಮೊದಲ ದಾರಿಯಲ್ಲೇ ಬಳ್ಳಾರಿ ಇತ್ತು ಅನ್ನುವುದು ನನಗೆ ಪ್ರತಿ ಸಲ ನೆನೆದಾಗಲೂ ಖುಷಿ ಕೊಡುವ ವಿಷಯ.

1946ರಲ್ಲಿ ಟಾಟಾ ಏರ್‌ಲೈನ್ಸ್ ಏರ್ ಇಂಡಿಯಾ ಆಯಿತು. 1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ವಿಮಾನ ಬೊಂಬಾಯಿಯಿಂದ ಕೈರೊ, ಜಿನೀವಾ ಮೇಲಾಗಿ ಲಂಡನ್ನಿಗೆ ಹೋಯಿತು. 1953ರಲ್ಲಿ ಸರ್ಕಾರ ವಿಮಾನ ಕಂಪನಿಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ವಿದೇಶಕ್ಕೆ ಏರ್ ಇಂಡಿಯಾ, ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್ ಎಂದು ಎರಡು ಪಾಲು ಮಾಡಿತು. ಸರ್ಕಾರದ ಕಂಪನಿಯಾದ ಮೇಲೂ ಜೆ.ಆರ್.ಡಿ. 1978ರವರೆಗೆ ಅಧ್ಯಕ್ಷರಾಗಿಯೇ ಇದ್ದರು.

ಆ ಪಾಲುಗಾರಿಕೆ ಮುಖ್ಯ. ಏರ್ ಇಂಡಿಯಾ ಶುರುವಿನಿಂದಲೂ ದೂರದ ಹಾರಾಟದ ಕಂಪನಿ. 1960ರಲ್ಲಿ ಬೋಯಿಂಗ್ 707 ತಂದು ನ್ಯೂಯಾರ್ಕಿಗೆ ಹಾರಿತು. 1971ರಲ್ಲಿ ಜಂಬೊ ಜೆಟ್ ಬಂತು. 1990ರಲ್ಲಿ ಕುವೈತ್ ಯುದ್ಧದ ಹೊತ್ತಿಗೆ ಸಿಕ್ಕಿಬಿದ್ದ ಒಂದು ಲಕ್ಷಕ್ಕೂ ಜಾಸ್ತಿ ಭಾರತೀಯರನ್ನು ವಿಮಾನದಲ್ಲಿ ಮನೆಗೆ ತಂದದ್ದರಲ್ಲಿ ದೊಡ್ಡ ಪಾಲು ಈ ಕಂಪನಿಯದು. ಆ ದಿನಗಳಲ್ಲಿ ಜೋರ್ಡಾನಿನ ಅಮ್ಮಾನ್‌ನಿಂದ ವಿಮಾನ ಹತ್ತಿ ಬಂದ ಕರಾವಳಿಯ ಮನೆಗಳಲ್ಲಿ ಇವತ್ತಿಗೂ ಏರ್ ಇಂಡಿಯಾ ಅಂದರೆ ಒಂದು ಮಮತೆ ಇದೆ. ಅದು ಸುಮ್ನೆ ಬಂದದ್ದಲ್ಲ.

2007ರಲ್ಲಿ ಎರಡೂ ಕಂಪನಿಗಳನ್ನು ಮತ್ತೆ ಒಂದು ಮಾಡಿದರು. ಅಲ್ಲಿಂದ ತೊಂದರೆ ಜಾಸ್ತಿಯಾಯಿತು. ಎರಡು ಬಗೆಯ ಸಂಬಳ, ಎರಡು ಬಗೆಯ ಬಡ್ತಿ, ಒಂದು ಕಡೆ ಬೋಯಿಂಗ್, ಇನ್ನೊಂದು ಕಡೆ ಏರ್‌ಬಸ್. ವಿಲೀನಕ್ಕೆ ಸ್ವಲ್ಪ ಮುಂಚೆ ಎರಡೂ ಸೇರಿ 111 ವಿಮಾನಗಳಿಗೆ ಆರ್ಡರ್ ಕೊಟ್ಟಿದ್ದವು. ಸಾಲ ಬೆಟ್ಟದಷ್ಟಾಯಿತು. ಒಳಗಿನ ಸೀಟು, ಟಿವಿ ಪರದೆ ರಿಪೇರಿ ಮಾಡಿಸಲೂ ಹಣ ಸಾಲದ ಸ್ಥಿತಿ ಬಂತು. ಕೊನೆಗೆ ಟಾಟಾ ಗುಂಪು 18,000 ಕೋಟಿ ರೂಪಾಯಿಗೆ ಬಿಡ್ ಗೆದ್ದು 2022ರ ಜನವರಿ 27ರಂದು ಕಂಪನಿಯನ್ನು ವಾಪಸ್ ಪಡೆಯಿತು. ಆ 18,000 ಕೋಟಿಯಲ್ಲಿ 15,300 ಕೋಟಿ ಹೊತ್ತುಕೊಂಡ ಸಾಲವೇ.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. 2023ರ ಫೆಬ್ರವರಿಯಲ್ಲಿ 470 ವಿಮಾನಗಳ ಆರ್ಡರ್. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ಮೂಲದ ಹಳೆಯ ಏರ್‌ಏಷ್ಯಾ ಇಂಡಿಯಾ, ಏರ್ ಇಂಡಿಯಾದ ಕಡಿಮೆ ದರದ ತಂಗಿ ಕಂಪನಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಒಳಗೆ ಸೇರಿತು. 2024ರ ನವೆಂಬರ್ 12ರಂದು ಟಾಟಾ ಗುಂಪಿನದೇ ಇನ್ನೊಂದು ವಿಮಾನ ಕಂಪನಿ ವಿಸ್ತಾರಾ, ಏರ್ ಇಂಡಿಯಾ ಒಳಗೆ ಸೇರಿತು. ಹೀಗಾಗಿ ಇವತ್ತು 'ಏರ್ ಇಂಡಿಯಾ' ಎಂದು ಟಿಕೆಟ್ ತೆಗೆದರೆ ನಿಮಗೆ ಸಿಗುವ ವಿಮಾನ ಮೂರು ಬಗೆಯದ್ದಾಗಿರಬಹುದು. ಹೊಚ್ಚ ಹೊಸದು, ವಿಸ್ತಾರಾದಿಂದ ಬಂದ ಒಳ್ಳೆಯದು, ಇಲ್ಲವೇ ಸರ್ಕಾರದ ಕಾಲದ ಹಳೆಯದು. ಈ ಮಾತು ಮುಂದೆ ಬೇಕಾಗುತ್ತದೆ.

ಒಂದೇ ಬಗೆಯ ವಿಮಾನ, ಅರ್ಧ ಗಂಟೆಯ ನಿಲುಗಡೆ

ಇಂಡಿಗೊ ಹುಟ್ಟಿದ ಕಾಲ ಬೇರೆ. ಕಡಿಮೆ ದರದ ವಿಮಾನ ಅನ್ನುವುದನ್ನು ನಮ್ಮ ದೇಶಕ್ಕೆ ತೋರಿಸಿಕೊಟ್ಟವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದರು. ಬಸ್ಸು, ರೈಲಿನಲ್ಲಿ ಹೋಗುತ್ತಿದ್ದವರು ಮೊದಲ ಸಲ ವಿಮಾನ ಹತ್ತಿದರು. ಆ ಕಂಪನಿ ಕಿಂಗ್‌ಫಿಷರ್ ಕೈಗೆ ಹೋಯಿತು. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಬೆಂಗಳೂರಿನಲ್ಲೇ ಬೆಳೆದ ಎರಡು ಹೆಸರುಗಳು ಹೀಗೆ ಹೋದದ್ದು ನನಗೆ ಇನ್ನೂ ಬೇಸರ.

ರಾಹುಲ್ ಭಾಟಿಯಾ ಮತ್ತು ರಾಕೇಶ್ ಗಂಗ್ವಾಲ್ ಇಂಡಿಗೊ ಕಟ್ಟಿದ್ದು ಈ ನಡುವೆ. 2005ರಲ್ಲಿ, ಒಂದು ವಿಮಾನವೂ ಹಾರುವ ಮುಂಚೆ, ಏರ್‌ಬಸ್‌ಗೆ 100 ವಿಮಾನಗಳ ಆರ್ಡರ್ ಕೊಟ್ಟರು. ಎಲ್ಲವೂ ಎ320 ಜಾತಿಯವು. 2006ರ ಆಗಸ್ಟ್ 4ರಂದು ದೆಹಲಿಯಿಂದ ಗುವಾಹಟಿ ಮೇಲಾಗಿ ಇಂಫಾಲಕ್ಕೆ ಮೊದಲ ಹಾರಾಟ.

ಒಂದೇ ಜಾತಿ ಏಕೆ? ಪೈಲಟ್ಟಿಗೆ ಒಂದೇ ತರಬೇತಿ ಸಾಕು. ಬಿಡಿಭಾಗ ಒಂದೇ ಬಗೆಯದು ಇಟ್ಟುಕೊಂಡರೆ ಸಾಕು. ಬೆಳಗ್ಗೆ ಒಂದು ವಿಮಾನ ಕೆಟ್ಟರೆ ಪಕ್ಕದ್ದನ್ನು ಎಳೆದು ತಂದು ನಿಲ್ಲಿಸಬಹುದು, ಸೀಟು ಲೆಕ್ಕವೂ ಹೆಚ್ಚು ಕಡಿಮೆ ಅಷ್ಟೇ. ಒಟ್ಟಿಗೆ ನೂರಾರು ಕೊಂಡದ್ದರಿಂದ ದರದಲ್ಲಿ ರಿಯಾಯಿತಿ. ಕೊಂಡ ವಿಮಾನವನ್ನು ಲೀಸಿಂಗ್ ಕಂಪನಿಗೆ ಮಾರಿ, ಅದನ್ನೇ ಬಾಡಿಗೆಗೆ ಹಿಡಿದು, ಕೆಲವು ವರ್ಷ ಓಡಿಸಿ ವಾಪಸ್ ಕೊಡುವುದು ಅವರ ಪದ್ಧತಿ. ಹಾಗಾಗಿ ವಿಮಾನಗಳು ಬಹುಪಾಲು ಹೊಸವೇ ಇರುತ್ತವೆ.

ಇನ್ನೊಂದು ಗುಟ್ಟು ನೆಲದ ಮೇಲಿನದ್ದು. ಬಂದಿಳಿದ ವಿಮಾನ ಸುಮಾರು ಅರ್ಧ ಗಂಟೆಯಲ್ಲಿ ಮತ್ತೆ ಹೊರಡಬೇಕು. ಅಷ್ಟರಲ್ಲಿ ಜನ ಇಳಿಯಬೇಕು, ಕಸ ಗುಡಿಸಬೇಕು, ಇಂಧನ ತುಂಬಬೇಕು, ಹೊಸ ಜನ ಹತ್ತಬೇಕು. ಬೆಂಗಳೂರಿನಲ್ಲಿ ಸುಮ್ಮನೆ ಕಿಟಕಿ ಪಕ್ಕ ಕೂತು ಒಮ್ಮೆ ಇದನ್ನು ನೋಡಿ. ನಿಂತ ವಿಮಾನ ದುಡಿಯುವುದಿಲ್ಲ, ಅದಕ್ಕೇ ಅಷ್ಟು ಅವಸರ. 2023ರ ಜೂನ್‌ನಲ್ಲಿ ಇದೇ ಕಂಪನಿ ಒಂದೇ ಸಲ 500 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಒಂದೇ ಆರ್ಡರಿನಲ್ಲಿ ಅಷ್ಟು ವಿಮಾನವನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಕೆಟ್ಟ ದಿನ ಏನಾಗುತ್ತದೆ

ಇಂಡಿಗೊದ ಬಲವೇನೆಂದರೆ ಮುಂದಿನ ವಿಮಾನ. ಬೆಂಗಳೂರಿನಿಂದ ದೆಹಲಿಗೋ ಮುಂಬೈಗೋ ಒಂದು ಹಾರಾಟ ರದ್ದಾದರೆ ಅದೇ ದಿನ ಅವರದೇ ಇನ್ನೂ ಹಲವು ಇರುತ್ತವೆ. ಮೆಜೆಸ್ಟಿಕ್‌ನಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದಕ್ಕೆ ನಿಲ್ಲುವ ಹಾಗೆ. ಸೀಟು ಸಿಗಬೇಕು, ಅಷ್ಟೇ.

ಆದರೆ ಇದೇ ಬಿಗಿ ಲೆಕ್ಕ ಒಮ್ಮೊಮ್ಮೆ ಪೂರ್ತಿ ಕುಸಿಯುತ್ತದೆ. 2025ರ ಡಿಸೆಂಬರ್ ನಿಮಗೆ ನೆನಪಿರಬಹುದು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಜಾರಿಗೆ ಬಂದಿತ್ತು. ವಾರದ ವಿಶ್ರಾಂತಿ ಮೊದಲ ಹಂತದಲ್ಲೇ 36 ಗಂಟೆಯಿಂದ 48 ಗಂಟೆಗೆ ಏರಿತ್ತು. ರಾತ್ರಿ ಹೊತ್ತಿನ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿದಿತ್ತು. ನಿಯಮ ಒಳ್ಳೆಯದೇ. ದಣಿದ ಪೈಲಟ್ ನಮ್ಮ ಯಾರಿಗೂ ಬೇಡ. ಆದರೆ ಇಂಡಿಗೊ ವೇಳಾಪಟ್ಟಿಗೆ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಂಡಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಜಾಸ್ತಿ ಹಾರಾಟ ರದ್ದಾಯಿತು. ಬೆಂಗಳೂರು ನಿಲ್ದಾಣದ ನೆಲದ ಮೇಲೆ ಸೂಟ್‌ಕೇಸಿನ ರಾಶಿ ಬಿದ್ದಿತ್ತು. 'ಮುಂದಿನ ವಿಮಾನ' ಅನ್ನುವ ಬಲ ಆ ವಾರ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಮುಂದಿನದ್ದೂ ರದ್ದು. ಆಮೇಲೆ ಸರ್ಕಾರ ಅವರ ಚಳಿಗಾಲದ ಹಾರಾಟವನ್ನು ಶೇ 10ರಷ್ಟು ಕಡಿಮೆ ಮಾಡಿಸಿತು.

ಒಂದೇ ಜಾತಿಯ ವಿಮಾನ ಇಟ್ಟುಕೊಂಡರೆ ಇನ್ನೊಂದು ಅಪಾಯವೂ ಇದೆ. ಪ್ರ್ಯಾಟ್ ಆ್ಯಂಡ್ ವಿಟ್ನಿ ಎಂಜಿನ್‌ಗಳ ಲೋಹದಲ್ಲಿ ದೋಷ ಸಿಕ್ಕಾಗ ಇಂಡಿಗೊದ ಹತ್ತಾರು ವಿಮಾನಗಳು ತಿಂಗಳುಗಟ್ಟಲೆ ನೆಲ ಬಿಟ್ಟು ಏಳಲಿಲ್ಲ. ಅದೇ ಎಂಜಿನ್ ನಂಬಿಕೊಂಡಿದ್ದ ಗೋ ಫಸ್ಟ್ 2023ರ ಮೇನಲ್ಲಿ ಹಾರಾಟವನ್ನೇ ನಿಲ್ಲಿಸಿತು.

ಏರ್ ಇಂಡಿಯಾದ ಕೆಟ್ಟ ದಿನ ಬೇರೆ ಥರ. ದೇಶದೊಳಗೆ ಅವರ ಹಾರಾಟ ಕಡಿಮೆ. ಒಂದು ರದ್ದಾದರೆ ಮುಂದಿನದ್ದಕ್ಕೆ ಕಾಯುವ ಹೊತ್ತು ಜಾಸ್ತಿ. ದೂರದ ಹಾರಾಟದಲ್ಲಂತೂ ಇನ್ನೂ ಕಷ್ಟ. ಅಮೆರಿಕದ ಯಾವುದೋ ಊರಿನಲ್ಲಿ ಒಂದು ಬೋಯಿಂಗ್ 777 ಕೆಟ್ಟು ನಿಂತರೆ ಬದಲಿ ವಿಮಾನ ಅಲ್ಲಿರುವುದಿಲ್ಲ. ಒಂದು ದಿನ ಹೋಯಿತು ಅಂತಲೇ ಲೆಕ್ಕ. ಆದರೆ ಅವರ ಕೈಯಲ್ಲಿ ಇನ್ನೊಂದು ದಾರಿ ಇದೆ. 2014ರಿಂದ ಏರ್ ಇಂಡಿಯಾ ಸ್ಟಾರ್ ಅಲಯನ್ಸ್ ಕೂಟದಲ್ಲಿದೆ. ಲುಫ್ತಾನ್ಸಾ, ಯುನೈಟೆಡ್, ಸಿಂಗಪುರ ಏರ್‌ಲೈನ್ಸ್ ಎಲ್ಲ ಅದೇ ಕೂಟ. ಒಂದೇ ಟಿಕೆಟ್ಟಿನಲ್ಲಿದ್ದರೆ ಕೇಳಿಕೊಂಡು ಬೇರೆ ಕಂಪನಿಯ ವಿಮಾನಕ್ಕೆ ಹಾಕಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ಕೌಂಟರಿನಲ್ಲಿ ತಾವಾಗಿ ಹೇಳದೇ ಇರಬಹುದು. ನೀವೇ ಕೇಳಿ.

ಹೀಗಾಗಿ ಟಿಕೆಟ್ ತೆಗೆಯುವ ಮುಂಚೆ ನಾನು ಎಲ್ಲರನ್ನೂ ಕೇಳುವ ಮೊದಲ ಪ್ರಶ್ನೆ ಇದು: ಈ ವಿಮಾನ ರದ್ದಾದರೆ ನಿನಗೆ ಎಷ್ಟು ನಷ್ಟ? ಮದುವೆ ಮುಹೂರ್ತ ತಪ್ಪುತ್ತದಾ? ವೀಸಾ ಸಂದರ್ಶನ ತಪ್ಪುತ್ತದಾ? ಅಥವಾ ಸಂಜೆಯ ಬದಲು ಮಾರನೇ ದಿನ ತಲುಪಿದರೂ ನಡೆಯುತ್ತದಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಆದ ಹಾಗೆ.

ಬೆಂಗಳೂರಿನಿಂದ ದೆಹಲಿ, ಮುಂಬೈ, ಕೋಲ್ಕತ್ತ

ಒಂದೇ ದಿನ ಹೋಗಿ ಬರಬೇಕು, ಮೀಟಿಂಗ್ ತಪ್ಪಬಾರದು ಅಂದರೆ ನಾನು ಇಂಡಿಗೊ ನೋಡುತ್ತೇನೆ. ಬೆಳಗಿನ ಮೊದಲ ಎರಡು ವಿಮಾನಗಳಲ್ಲಿ ಒಂದು. ಕಾರಣ ಸರಳ. ಒಂದು ವಿಮಾನ ದಿನಕ್ಕೆ ಹಲವು ಊರು ಸುತ್ತುತ್ತದೆ. ಬೆಳಗ್ಗೆ ಎಲ್ಲೋ ಅರ್ಧ ಗಂಟೆ ತಡವಾದರೆ ಸಂಜೆ ಹೊತ್ತಿಗೆ ಅದು ಒಂದೂವರೆ ಗಂಟೆಯಾಗಿ ಬೆಳೆದಿರುತ್ತದೆ. ಬೆಳಗಿನ ವಿಮಾನ ಸಾಮಾನ್ಯವಾಗಿ ರಾತ್ರಿಯೇ ಬಂದು ನಿಂತಿರುತ್ತದೆ. ಡಿಸೆಂಬರ್, ಜನವರಿಯ ದೆಹಲಿ ಮಾತ್ರ ಇದಕ್ಕೆ ಹೊರತು. ಅಲ್ಲಿ ಬೆಳಗಿನ ಮಂಜು. ಆಗ ಹನ್ನೊಂದು ಗಂಟೆಯ ಮೇಲೆ ಇಳಿಯುವ ವಿಮಾನ ಒಳ್ಳೆಯದು.

ವಯಸ್ಸಾದವರು, ಮಂಡಿ ನೋವಿನವರು, ಎತ್ತರದವರು ಹೋಗುವುದಾದರೆ ಏರ್ ಇಂಡಿಯಾ ನೋಡಿ. ಲೆಕ್ಕ ಹೀಗಿದೆ. ಇಂಡಿಗೊದ ಎ320ನಲ್ಲಿ 186 ಸೀಟುವರೆಗೆ ಇರುತ್ತವೆ. ಅದೇ ಉದ್ದದ ಏರ್ ಇಂಡಿಯಾ ಎ320ನಲ್ಲಿ ಮೂರು ದರ್ಜೆ ಇದ್ದರೆ 164. ಎಂಟು ಬಿಸಿನೆಸ್, 24 ಪ್ರೀಮಿಯಂ ಎಕಾನಮಿ, 132 ಎಕಾನಮಿ. ಎಕಾನಮಿ ದರ್ಜೆಯಲ್ಲಿ ಕಾಲಿಗೆ ದೊಡ್ಡ ವ್ಯತ್ಯಾಸ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲಾಭ ಇರುವುದು ಪ್ರೀಮಿಯಂ ಎಕಾನಮಿಯಲ್ಲಿ. ಎರಡೂಮುಕ್ಕಾಲು ಗಂಟೆಯ ದೆಹಲಿ ದಾರಿಗೆ ದರ ಹೊಂದಿದರೆ ಅದು ಒಳ್ಳೆಯ ಆಯ್ಕೆ. ಇಂಡಿಗೊ ಕೂಡ 2024ರ ನವೆಂಬರ್‌ನಿಂದ 'ಸ್ಟ್ರೆಚ್' ಎಂಬ ಅಗಲ ಸೀಟು ಶುರು ಮಾಡಿದೆ. ದೊಡ್ಡ ಊರುಗಳ ನಡುವಿನ ಕೆಲವು ಹಾರಾಟಗಳಲ್ಲಿ ಮಾತ್ರ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಏರ್ ಇಂಡಿಯಾ ಊಟ ಕೊಡುತ್ತದೆ. ಇಂಡಿಗೊದ ಸಾಮಾನ್ಯ ಟಿಕೆಟ್ಟಿನಲ್ಲಿ ಕೊಂಡು ತಿನ್ನಬೇಕು. ಮನೆಯ ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಎರಡರಲ್ಲೂ ಯಾರೂ ಬೇಡ ಅನ್ನುವುದಿಲ್ಲ.

ಲಗೇಜು ಮಾತ್ರ ಗಮನವಿಟ್ಟು ನೋಡಿ. ಸರ್ಕಾರದ ಕಾಲದಲ್ಲಿ ಏರ್ ಇಂಡಿಯಾ ದೇಶದೊಳಗೆ 25 ಕೆಜಿ ಬಿಡುತ್ತಿತ್ತು. ಬಹಳ ಜನ ಈಗಲೂ ಅದನ್ನೇ ನಂಬಿಕೊಂಡು ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿ ತುಂಬಿಸಿಕೊಂಡು ಬರುತ್ತಾರೆ. ಈಗ ಕಡಿಮೆ ದರದ ಟಿಕೆಟ್ಟಿಗೆ 15 ಕೆಜಿ. ಇಂಡಿಗೊದಲ್ಲೂ 15. ಕೈಚೀಲ 7 ಕೆಜಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ 'ಲೈಟ್' ಎಂಬ ದರ ಕಂಡರೆ ಅದರಲ್ಲಿ ಚೆಕ್-ಇನ್ ಲಗೇಜು ಇಲ್ಲವೇ ಇಲ್ಲ. ನಿಲ್ದಾಣದ ಕೌಂಟರಿನಲ್ಲಿ ಜಾಸ್ತಿ ತೂಕಕ್ಕೆ ಹಣ ಕಟ್ಟುವುದು ತುಂಬಾ ದುಬಾರಿ. ಮುಂಚೆಯೇ ಆ್ಯಪ್‌ನಲ್ಲಿ ಕೊಂಡರೆ ಕಡಿಮೆ. ಎರಡು ದರ ಹೋಲಿಸುವಾಗ ಸೀಟು, ಲಗೇಜು, ಊಟ ಎಲ್ಲ ಸೇರಿಸಿ ಕೊನೆಯ ಪುಟದ ಮೊತ್ತ ನೋಡಿ. ಮೊದಲ ಪುಟದ ಮೊತ್ತ ನೋಡಿ ತೀರ್ಮಾನ ಮಾಡಬೇಡಿ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ಇಂಡಿಗೊದ ದೇಶದೊಳಗಿನ ವಿಮಾನಗಳು ಸಾಮಾನ್ಯವಾಗಿ ಟರ್ಮಿನಲ್ 1ರಿಂದ. ಏರ್ ಇಂಡಿಯಾ ಗುಂಪು ಟರ್ಮಿನಲ್ 2ರಿಂದ. ವಿದೇಶಕ್ಕೆ ಯಾವುದಾದರೂ ಟರ್ಮಿನಲ್ 2. ಟ್ಯಾಕ್ಸಿಯವರು ಕೇಳಿದಾಗ ತಡಕಾಡಬೇಡಿ, ಟಿಕೆಟ್ಟಿನಲ್ಲಿ ಬರೆದಿರುತ್ತದೆ.

ನಮ್ಮ ಸಣ್ಣ ಊರುಗಳಿಗೆ

ಇಲ್ಲಿ ಹೋಲಿಕೆಗೆ ಜಾಸ್ತಿ ಜಾಗ ಇಲ್ಲ. ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಮೈಸೂರು ಕಡೆಗೆ ಇಂಡಿಗೊದ 78 ಸೀಟಿನ, ಪ್ರೊಪೆಲ್ಲರ್ ಇರುವ ಎಟಿಆರ್ ಎಂಬ ಪುಟ್ಟ ವಿಮಾನಗಳದ್ದೇ ದೊಡ್ಡ ಕೆಲಸ. ಶಿವಮೊಗ್ಗದಲ್ಲಿ 2023ರ ಆಗಸ್ಟ್ 31ರಂದು ಇಳಿದ ಮೊದಲ ಪ್ರಯಾಣಿಕರ ವಿಮಾನವೂ ಅವರದೇ. ಏರ್ ಇಂಡಿಯಾ ಸಣ್ಣ ವಿಮಾನ ಇಟ್ಟುಕೊಂಡಿಲ್ಲ. ಅದರ ತಂಗಿ ಕಂಪನಿಯಾಗಿದ್ದ ಅಲಯನ್ಸ್ ಏರ್ ಮಾರಾಟದ ಹೊತ್ತಿಗೆ ಸರ್ಕಾರದಲ್ಲೇ ಉಳಿಯಿತು. ಮೊದಲ ದಾರಿಯಲ್ಲಿ ಬಳ್ಳಾರಿ ಇದ್ದ ಕಂಪನಿ ಇಂದು ಬಳ್ಳಾರಿಗೆ ಬರುವುದಿಲ್ಲ ಅನ್ನುವುದು ನನಗೆ ನೋವಿನ ಸಂಗತಿ.

ಉತ್ತರ ಕರ್ನಾಟಕದವರು ಸ್ಟಾರ್ ಏರ್ ಕೂಡ ನೋಡಿ. 2019ರ ಜನವರಿಯಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಶುರುವಾದ ಕಂಪನಿ ಅದು. ಅವರ ವಿಮಾನಗಳು ಜೆಟ್, ಎಟಿಆರ್‌ಗಿಂತ ವೇಗ. ಎಟಿಆರ್‌ನಲ್ಲಿ ತಲೆ ಮೇಲಿನ ಗೂಡು ಚಿಕ್ಕದು. ದೊಡ್ಡ ಟ್ರಾಲಿ ಚೀಲ ಅದರಲ್ಲಿ ಕೂರುವುದಿಲ್ಲ. ಔಷಧ, ಚಿನ್ನ, ಕಾಗದಪತ್ರ ಇದ್ದರೆ ಚಿಕ್ಕ ಕೈಚೀಲಕ್ಕೆ ಬೇರೆ ಹಾಕಿಕೊಳ್ಳಿ. ಸಣ್ಣ ಊರಿನಲ್ಲಿ ದಿನಕ್ಕೆ ಒಂದೇ ವಿಮಾನ ಇರುವ ಕಡೆ ಇಂಡಿಗೊ ಆದರೂ 'ಮುಂದಿನ ವಿಮಾನ' ಅಂದರೆ ನಾಳೆ. ಅದನ್ನು ಮರೆಯಬೇಡಿ.

ಮಂಗಳೂರಿನಿಂದ ಕೊಲ್ಲಿಗೆ

ಏರ್ ಇಂಡಿಯಾ ಎಕ್ಸ್‌ಪ್ರೆಸ್ 2005ರಲ್ಲಿ ಹುಟ್ಟಿದ್ದೇ ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಜನರಿಗಾಗಿ. ದುಬೈ, ಅಬುಧಾಬಿ ಕಡೆಯ ವಿಮಾನಗಳಲ್ಲಿ 30 ಕೆಜಿ ಲಗೇಜು ಕೊಡುವ ರೂಢಿ ಅದಕ್ಕೇ. ಇಂಡಿಗೊ ಕೂಡ ಈ ದಾರಿಯಲ್ಲಿದೆ. ನನ್ನ ಸಲಹೆ ಸರಳ. ಲಗೇಜು ಜಾಸ್ತಿ ಇದ್ದರೆ ಎಕ್ಸ್‌ಪ್ರೆಸ್. ಬೆಂಗಳೂರೋ ಮುಂಬೈಯೋ ಮೇಲಾಗಿ ಮುಂದೆ ಬೇರೆ ಊರಿಗೆ ಹೋಗುವುದಿದ್ದರೆ ಇಂಡಿಗೊ.

ಮಂಗಳೂರಿನವರ ಹತ್ತಿರ ಈ ಮಾತು ಆಡುವಾಗ 2010ರ ಮೇ 22 ನೆನಪಾಗದೆ ಇರುವುದಿಲ್ಲ. ದುಬೈಯಿಂದ ಬಂದ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಎಂಟು ಜನ ಉಳಿದರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ಏರ್ ಇಂಡಿಯಾ ಬೋಯಿಂಗ್ 787 ಬಿದ್ದಾಗ ಒಳಗಿದ್ದ 242 ಜನರಲ್ಲಿ ಒಬ್ಬರು ಮಾತ್ರ ಬದುಕಿದರು. ಅದಾದ ಮೇಲೆ ನಮ್ಮ ಚಿಕ್ಕಮ್ಮ ಏರ್ ಇಂಡಿಯಾ ಬೇಡವೇ ಬೇಡ ಅಂದರು. ಅವರ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಇಂಡಿಗೊ ಟಿಕೆಟ್ ತೆಗೆದೆ. ಹೆದರಿಕೊಂಡು ಮೂರು ಗಂಟೆ ಕೂರುವುದಕ್ಕಿಂತ ನೆಮ್ಮದಿಯಿಂದ ಹೋಗಲಿ. ಆದರೆ ನನ್ನ ಸ್ವಂತ ಪ್ರಯಾಣಕ್ಕೆ ಅಪಘಾತದ ಲೆಕ್ಕ ಹಿಡಿದು ಇವರಿಬ್ಬರ ನಡುವೆ ಆರಿಸುವುದಿಲ್ಲ. ಎರಡೂ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಒಂದೇ ನಿಯಮದ ಕೆಳಗೆ ಹಾರುತ್ತವೆ.

ಅಮೆರಿಕ, ಯುರೋಪು

ಇಲ್ಲಿ ಏರ್ ಇಂಡಿಯಾ ಕೈ ಮೇಲೆ. ಇಂಡಿಗೊ ದೊಡ್ಡ ವಿಮಾನಗಳ ಕಡೆ ಈಗ ತಾನೇ ಹೆಜ್ಜೆ ಇಟ್ಟಿದೆ. 2024ರಲ್ಲಿ ಎ350 ಆರ್ಡರ್ ಕೊಟ್ಟಿತು. 2025ರಲ್ಲಿ ಬಾಡಿಗೆಗೆ ತಂದ ಬೋಯಿಂಗ್ 787ನಲ್ಲಿ ಮುಂಬೈಯಿಂದ ಮ್ಯಾಂಚೆಸ್ಟರ್, ಆಮ್‌ಸ್ಟರ್‌ಡ್ಯಾಮ್ ಹಾರಾಟ ಶುರು ಮಾಡಿತು. ಅದಕ್ಕಿಂತ ದೂರ ಹೋಗಲು ಟರ್ಕಿಶ್, ಕೆಎಲ್ಎಂ, ಏರ್ ಫ್ರಾನ್ಸ್‌ನಂಥ ಕಂಪನಿಗಳ ಜೊತೆ ಒಪ್ಪಂದ ಇದೆ.

ಏರ್ ಇಂಡಿಯಾದ ದೂರದ ಹಾರಾಟದ ಅನುಭವಕ್ಕೆ ಬೆಂಗಳೂರಿಗೆ ಸೇರಿದ ಒಂದು ಹೆಮ್ಮೆಯ ದಿನವಿದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಪೈಲಟ್‌ಗಳೆಲ್ಲ ಮಹಿಳೆಯರು. ಉತ್ತರ ಧ್ರುವದ ಮೇಲಿಂದ ಸುಮಾರು 14,000 ಕಿ.ಮೀ. ನಮ್ಮ ಅಕ್ಕನ ಮಗಳು ಆ ಸುದ್ದಿ ನೋಡಿ ಫೋನು ಹಿಡಿದುಕೊಂಡು ಮನೆ ತುಂಬಾ ಓಡಾಡಿದ್ದಳು. ಆ ದಾರಿ ಆಮೇಲೆ ನಿಂತು, ಮತ್ತೆ ಶುರುವಾಗಿ, ಏರುಪೇರು ಕಂಡಿದೆ. ನಿಮ್ಮ ತಾರೀಖಿಗೆ ನೇರ ವಿಮಾನ ಇದೆಯಾ ಅಂತ ಕಂಪನಿಯ ಸೈಟಿನಲ್ಲೇ ನೋಡಿ. ಯಾರೋ ಹೋದ ವರ್ಷ ಹೋಗಿದ್ದರು ಅಂತ ನಂಬಿಕೊಳ್ಳಬೇಡಿ.

ವಿಮಾನದ ಜಾತಿಯನ್ನೂ ನೋಡಿ. ಟಿಕೆಟ್ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಎ350 ಅಂತ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. 2024ರ ಜನವರಿ 22ರಂದು ಆ ವಿಮಾನ ಮೊದಲ ಸಲ ಪ್ರಯಾಣಿಕರನ್ನು ಹೊತ್ತು ಹೋದದ್ದು ಬೆಂಗಳೂರಿನಿಂದ ಮುಂಬೈಗೆ. ಒಳಗೆ ಎಲ್ಲವೂ ಹೊಸದು. 787-8 ಅಥವಾ ಹಳೆಯ 777 ಆದರೆ ಸ್ವಲ್ಪ ಯೋಚಿಸಿ. ಅವುಗಳ ಒಳಭಾಗವನ್ನು ಒಂದೊಂದಾಗಿ ಬದಲಿಸುತ್ತಿದ್ದಾರೆ. ನಿಮಗೆ ಬದಲಾದದ್ದು ಸಿಗುತ್ತದಾ, ಹಳೆಯದು ಸಿಗುತ್ತದಾ ಹೇಳಲು ಬರುವುದಿಲ್ಲ. ಹದಿನೈದು ಗಂಟೆ ಕೆಟ್ಟ ಪರದೆಯ ಮುಂದೆ ಕೂರುವುದು ಕಷ್ಟ, ಅಲ್ವಾ?

2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಏರ್ ಇಂಡಿಯಾ ವಿಮಾನಗಳು ಸುತ್ತು ದಾರಿ ಹಿಡಿಯಬೇಕಾಯಿತು. ಅಮೆರಿಕದ ಕೆಲವು ಹಾರಾಟಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿಯಬೇಕಾಯಿತು. ವಿದೇಶಿ ಕಂಪನಿಗಳಿಗೆ ಈ ಅಡ್ಡಿ ಇರಲಿಲ್ಲ. ಹಾಗಾಗಿ 'ನೇರ' ಅಂತ ಬರೆದಿದ್ದರೂ ಒಟ್ಟು ಗಂಟೆ ಎಷ್ಟು ಅಂತ ಲೆಕ್ಕ ಹಾಕಿ. ಬೆಂಗಳೂರಿನಿಂದ ದುಬೈ, ದೋಹಾ, ಫ್ರಾಂಕ್‌ಫರ್ಟ್ ಮೇಲಾಗಿ ಹೋಗುವುದನ್ನೂ ಪಕ್ಕದಲ್ಲಿಟ್ಟು ನೋಡಿ. ವಯಸ್ಸಾದ ಅಪ್ಪ ಅಮ್ಮ ಮೊದಲ ಸಲ, ಇಬ್ಬರೇ ಹೋಗುತ್ತಿದ್ದರೆ ಮಾತ್ರ ನಾನು ಒಂದೆರಡು ಗಂಟೆ ಜಾಸ್ತಿಯಾದರೂ ನೇರ ವಿಮಾನವನ್ನೇ ಹಿಡಿಸುತ್ತೇನೆ. ನಡುವೆ ಗೇಟು ಹುಡುಕುವ ಪರದಾಟ ಇರುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲವು ವರ್ಷದ ಹಿಂದೆ ದುಡ್ಡು ಉಳಿಸಲು ಬೆಂಗಳೂರು–ದೆಹಲಿ ಒಂದು ಕಂಪನಿಯಲ್ಲಿ, ದೆಹಲಿಯಿಂದ ಮುಂದೆ ಇನ್ನೊಂದು ಕಂಪನಿಯಲ್ಲಿ, ಎರಡು ಬೇರೆ ಟಿಕೆಟ್ ತೆಗೆದಿದ್ದೆ. ಮೊದಲನೆಯದು ಮೂರು ಗಂಟೆ ತಡವಾಯಿತು. ದೆಹಲಿ ಮುಟ್ಟಿದಾಗ ಎರಡನೆಯದರ ಕೌಂಟರ್ ಮುಚ್ಚಿತ್ತು. ನೀವು ಬರಲಿಲ್ಲ, ಟಿಕೆಟ್ ಹೋಯಿತು ಅಂದರು. ಮೊದಲನೆಯವರು ನಾವು ದೆಹಲಿ ಮುಟ್ಟಿಸಿದ್ದೇವಲ್ಲ ಅಂದರು. ಇಬ್ಬರೂ ನಿಯಮದ ಪ್ರಕಾರ ಸರಿ. ರಾತ್ರಿಯೆಲ್ಲ ಕುರ್ಚಿ ಮೇಲೆ ಕಳೆದು ಬೆಳಗ್ಗೆ ದುಪ್ಪಟ್ಟು ದರಕ್ಕೆ ಟಿಕೆಟ್ ಕೊಂಡೆ. ಅಂದಿನಿಂದ ಮುಂದುವರಿಕೆ ಹಾರಾಟ ಇದ್ದರೆ ಒಂದೇ ಪಿಎನ್‌ಆರ್ ಇರಬೇಕು ಅನ್ನುವುದು ನಮ್ಮ ಮನೆಯ ಕಾನೂನು. ಒಂದೇ ಪಿಎನ್‌ಆರ್ ಇದ್ದರೆ ನಡುವೆ ವಿಮಾನ ತಪ್ಪಿದರೂ ಮುಂದೆ ಕಳಿಸುವ ಹೊಣೆ ಕಂಪನಿಯದು.

ರದ್ದಾದರೆ, ತಡವಾದರೆ

ಎರಡೂ ಕಂಪನಿಗಳಿಗೆ ಡಿಜಿಸಿಎ ನಿಯಮ ಒಂದೇ. ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. ಮುಂಚೆ ಸರಿಯಾಗಿ ತಿಳಿಸದೆ ರದ್ದು ಮಾಡಿದರೆ ಅದರ ಮೇಲೆ ಪರಿಹಾರವೂ ಉಂಟು. ಒಂದು ಗಂಟೆವರೆಗಿನ ಹಾರಾಟಕ್ಕೆ 5,000, ಎರಡು ಗಂಟೆವರೆಗೆ 7,500, ಅದಕ್ಕೂ ಮೇಲೆ 10,000 ರೂಪಾಯಿ. ಅಥವಾ ಮೂಲ ದರ, ಇಂಧನ ಶುಲ್ಕ ಸೇರಿದ ಮೊತ್ತ. ಈ ಮೊತ್ತ ಮತ್ತು ಮೇಲೆ ಹೇಳಿದ ಹಣ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮಂಜು, ಮಳೆ, ಗಲಭೆಯಂಥ ಕಾರಣ ಇದ್ದರೆ ಪರಿಹಾರ ಇಲ್ಲ. ವಿಮಾನ ಆರು ಗಂಟೆಗಿಂತ ಜಾಸ್ತಿ ತಡ ಅಂತಾದರೂ ಬದಲಿ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು. ಎರಡೂವರೆ ಗಂಟೆವರೆಗಿನ ಹಾರಾಟ ಎರಡು ಗಂಟೆ ತಡವಾದರೆ, ಸಮಯಕ್ಕೆ ಚೆಕ್-ಇನ್ ಮಾಡಿದವರಿಗೆ ತಿಂಡಿ, ನೀರು ಕೊಡಬೇಕು.

ಇದನ್ನೆಲ್ಲ ಕೇಳುವಾಗ ಕೌಂಟರಿನ ಹುಡುಗ ಹುಡುಗಿಯರ ಮೇಲೆ ಕೂಗಾಡಬೇಡಿ. ವೇಳಾಪಟ್ಟಿ ಹಾಕಿದವರು ಅವರಲ್ಲ. ಸಾಲಿನಲ್ಲಿ ನಿಂತುಕೊಂಡೇ ಆ್ಯಪ್ ತೆರೆದು ಬದಲಿ ವಿಮಾನ ಹುಡುಕಿ. ಬಹಳ ಸಲ ಸಾಲು ಮುಂದೆ ಹೋಗುವ ಮುಂಚೆ ಅಲ್ಲೇ ಸೀಟು ಸಿಕ್ಕಿರುತ್ತದೆ. ಮೊಬೈಲಿಗೆ ಬಂದ ರದ್ದಿನ ಸಂದೇಶ ಅಳಿಸಬೇಡಿ, ಅದೇ ದಾಖಲೆ. ಏಜೆಂಟರ ಮೂಲಕ ಟಿಕೆಟ್ ತೆಗೆಸಿದರೆ ಅವರ ಫೋನ್ ನಂಬರ್ ಬದಲು ನಿಮ್ಮದನ್ನೇ ಹಾಕಿಸಿ. ಇಲ್ಲದಿದ್ದರೆ ಆ ಸಂದೇಶ ನಿಮಗೆ ಬರುವುದೇ ಇಲ್ಲ.

ಮುಂದಿನ ತಿಂಗಳು ಅಮ್ಮ ಮತ್ತು ಅಣ್ಣ ದೆಹಲಿಗೆ ಹೊರಟಿದ್ದಾರೆ. ಮಾವನ ಮಗನ ಮದುವೆ, ಭಾನುವಾರ ಮುಹೂರ್ತ. ಅಮ್ಮನಿಗೆ ಮಂಡಿ ನೋವು. ಹೋಗುವುದಕ್ಕೆ ಶುಕ್ರವಾರ ಬೆಳಗಿನ ಏರ್ ಇಂಡಿಯಾ, ಪ್ರೀಮಿಯಂ ಎಕಾನಮಿ ತೆಗೆದಿದ್ದೇನೆ. ನಡುವೆ ಎರಡು ದಿನ ಇರುವುದರಿಂದ ರದ್ದಾದರೂ ಮುಹೂರ್ತ ತಪ್ಪುವುದಿಲ್ಲ, ಕಾಲು ಚಾಚಿಕೊಂಡು ಹೋಗಲಿ. ವಾಪಸ್ ಬರುವುದು ಸೋಮವಾರ ಮಧ್ಯಾಹ್ನದ ಇಂಡಿಗೊ. ಮಂಗಳವಾರ ಬೆಳಗ್ಗೆ ಅಣ್ಣ ಆಫೀಸಿನಲ್ಲಿ ಇರಲೇಬೇಕು. ಅದು ಕೈಕೊಟ್ಟರೆ ಸಂಜೆಗೆ, ರಾತ್ರಿಗೆ ಇನ್ನೂ ಇವೆ. ಎರಡಕ್ಕೂ ವೀಲ್‌ಚೇರ್ ಬೇಕು ಅಂತ ಟಿಕೆಟ್ ತೆಗೆಯುವಾಗಲೇ ಬರೆಸಿದ್ದೇನೆ. ಹಿಂದಿನ ದಿನ ಇನ್ನೊಮ್ಮೆ ಫೋನು ಮಾಡಿ ಖಾತ್ರಿ ಮಾಡಿಕೊಳ್ಳುವುದು ಮಾತ್ರ ಬಾಕಿ.